ಕಾನ್ವೆಂಟ್ ಗೇಟಿನ ಮುಂದಿನ ರಂಗೋಲಿ

ಸನ್ಯಾಸಿನಿಗೆ ರಂಗೋಲಿಯ ಉಸಾಬರಿ ಯಾಕೆ ಎಂದು ಕೇಳದವರು ನಮ್ಮ ಕಾನ್ವೆಂಟಿನಲ್ಲಿ ಯಾರೂ ಇಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುವುದು ಸರಿ, ಆದರೆ ನಾನು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಮನೆ ಮುಂದಿನ ರಂಗೋಲಿಯನ್ನು. ಆಗಿನ ಮದರ್, "ನೆಲಕ್ಕೆ ಪುಡಿ ಉದುರಿಸಿದ್ರೂ ಡಾಕ್ಟರ್ ಆಗ್ಬಹುದಾ?" ಎಂದು ನಕ್ಕಿದ್ದರು. ನಾನೂ ಹಟಮಾರಿಯೇ. ಮೊದಲ ಬಸ್ಸಿಗೆ ಭದ್ರಾವತಿಗೆ ಹೋಗಿ, ಜನ್ನಾಪುರದಲ್ಲಿ ಮನೆ ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಬರೆದುಕೊಂಡೆ. ಅಲ್ಲಿಯ ತಮಿಳು ಅಜ್ಜಿಯೊಬ್ಬರು ನನ್ನ ಕೈಗೇ ಪುಡಿ ಸುರಿದು, "ನೋಡಿದ್ರೆ ಬರಲ್ಲಮ್ಮ, ಹಾಕ್ಬೇಕು" ಎಂದರು. ಅಂದಿನಿಂದ ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಗೇಟಿನ ಮುಂದೆ, ಬೆಳಗಿನ ಪ್ರಾರ್ಥನೆಗೂ ಮುಂಚೆ, ದಿನಾ ನನ್ನ ರಂಗೋಲಿ.

ಈ ವರ್ಷ ಬಲಗೈ ನಡುಗಲು ಶುರುವಾಯಿತು. ತರಗತಿ ಬಿಟ್ಟಾಗಿತ್ತು, ಪುಸ್ತಕ ಬರೆದಾಗಿತ್ತು. ಉಳಿದದ್ದು ಇದೊಂದೇ. ಇದೂ ಹೋದರೆ ನನ್ನಲ್ಲಿ ಇನ್ನೇನಿದೆ ಎಂದು ನಿಜಕ್ಕೂ ಹೆದರಿದೆ. ಆದರೂ ಸೊಟ್ಟ ಗೆರೆ ಎಂದರೆ ಮಕ್ಕಳ ಮೇಲೆ ಹರಿಹಾಯುತ್ತಿದ್ದವಳು ನಾನು. ಈಗ ಬೀದಿಯವರ ಬಾಯಿಗೆ ಬೀಳುವುದೇಕೆ ಎಂದುಕೊಂಡು ಒಂದು ಬೆಳಿಗ್ಗೆ ಹಾಕಲೇ ಇಲ್ಲ.

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಈ ಬಗ್ಗೆ ಒಂದು ಅಧ್ಯಾಯವನ್ನೇ ಬರೆದ ವಿದುಷಿಗೆ ಅಂದು ಮಾತ್ರ ಅದು ನೆನಪಾಗಲಿಲ್ಲ. ಹಾಲಿನವನು ಬೆಲ್ ಒತ್ತದೆ ಪ್ಯಾಕೆಟ್ ಇಟ್ಟು ಹೋದ. ಹೂವಿನವಳು ಮುಖ ಸಪ್ಪಗೆ ಮಾಡಿಕೊಂಡು ಗೇಟಿನಾಚೆ ನಿಂತಳು. ಎದುರು ಮನೆಯವಳು, ನನ್ನ ಹಳೆಯ ವಿದ್ಯಾರ್ಥಿನಿ, ಸಾವಿನ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವೆಂದು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಒಳಗೇ ಬಂದು, "ಯಾವ ಸಿಸ್ಟರ್ ಹೋದ್ರು?" ಎಂದು ಮೆಲ್ಲಗೆ ಕೇಳಿದಳು. ಈಗಿನ ಮದರ್ ಇಡ್ಲಿ ಬಿಟ್ಟೆದ್ದು ನಮ್ಮನ್ನೆಲ್ಲ ಎಣಿಸತೊಡಗಿದರು. ಯಾರೂ ಕಡಿಮೆಯಾಗಿರಲಿಲ್ಲ.

ಇನ್ನು ವಿಧಿಯಿಲ್ಲ ಎಂದು ಎದುರು ಮನೆಯವಳನ್ನು ಕರೆದುಕೊಂಡು ಗೇಟಿಗೆ ಹೋಗಿ ಕೂತೆ. ಚುಕ್ಕಿಗಳು ಅಡ್ಡಾದಿಡ್ಡಿ ಬಿದ್ದವು. ಗೆರೆ ಜರಿಹುಳದ ಹಾಗೆ ಹರಿದು ಅಂತೂ ಇಂತೂ ಶುರುವಾದ ಜಾಗಕ್ಕೆ ಬಂದು ಸೇರಿತು.

"ನಗಬೇಡ ಮಾರಾಯ್ತಿ. ಎಷ್ಟು ಸೊಟ್ಟ ನೋಡು," ಎಂದೆ.

ಅವಳು ನಗಲಿಲ್ಲ. ಪುಡಿಯ ಡಬ್ಬಿಯನ್ನು ನನ್ನ ಕೈಗೆಟಕುವಂತೆ ಸರಿಸಿದಳು.

"ಸೊಟ್ಟ ಇರ್ಲಿ ಬಿಡಿ ಸಿಸ್ಟರ್. ಬೆಳಿಗ್ಗೆ ಬಾಗಿಲು ತೆಗೆದಾಗ ನೀವಿದ್ದೀರಿ ಅಂತ ಗೊತ್ತಾದ್ರೆ ನಮಗೆ ಸಾಕು."