ಬೆನ್ನು ತಿರುಗಿಸಿ ಎಸೆದ ಚೌಕಟ್ಟು

ನಮ್ಮ ಮೇಷ್ಟ್ರ ಹೆಬ್ಬೆರಳಿನ ಉಗುರು ವರ್ಷವಿಡೀ ಹಸಿರು. ಎಲ್ಲಿ ಹುಲ್ಲು ಕಂಡರೂ ಚಿವುಟಿ, ಮೂಸಿ, ಬಾಯಿಗಿಟ್ಟುಕೊಳ್ಳುತ್ತಿದ್ದರು. ಇಂದಿರಾನಗರದ ಮೆಟ್ರೊ ಕೆಳಗಿನ ಕುಂಡಗಳನ್ನೂ ಬಿಟ್ಟವರಲ್ಲ.

ನಾವು ಪಶುವಿಜ್ಞಾನ ಓದಲು ಬಂದವರು. ಹುಲ್ಲುಗಾವಲಿನ ಪಾಠವೆಂದರೆ ನಿದ್ದೆಯ ಪೀರಿಯಡ್ಡು. ಅವರು ಒಮ್ಮೆ ಕೆಮ್ಮಿ, ಕರಕರ ದನಿಯಲ್ಲಿ ಶುರು ಮಾಡುತ್ತಿದ್ದರು: "ಹಸುವಿನ ಹೊಟ್ಟೆ ಆಮೇಲೆ ನೋಡೋಣ ರೀ, ಮೊದ್ಲು ಅದರ ತಟ್ಟೆ ನೋಡಿ."

ಆ ತಟ್ಟೆ ತೋರಿಸಲು ಕೆ.ಆರ್. ಪುರದ ಆಚೆ, ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಗೋಮಾಳಕ್ಕೆ ಕರೆದೊಯ್ಯುತ್ತಿದ್ದರು. ಕಬ್ಬಿಣದ ಚೌಕಟ್ಟನ್ನು ಬೆನ್ನು ತಿರುಗಿಸಿ ಹೆಗಲ ಮೇಲಿಂದ ಎಸೆಯಬೇಕು; ಬಿದ್ದ ಕಡೆ ಕೂತು ಯಾವ ಹುಲ್ಲು ಎಷ್ಟಿದೆ ಎಂದು ಎಣಿಸಬೇಕು. "ನೋಡ್ಕೊಂಡು ಎಸೆದ್ರೆ ಕೈ ಹಸಿರಿರೋ ಕಡೆಗೇ ಹೋಗುತ್ತೆ. ಬೋಳು ನೆಲಾನೂ ಮಾತಾಡ್ಲಿ."

ನಾನು ಎಸೆದದ್ದು ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತು. "ಹಾರ ಹಾಕಿದ್ದಾಯ್ತು, ತಾಳಿನೂ ಕಟ್ಬಿಡು ಮಗಾ" ಎಂದರು. ಎಮ್ಮೆ ನನ್ನನ್ನೊಮ್ಮೆ ನೋಡಿ ಮುಖ ತಿರುಗಿಸಿತು, ಅದಕ್ಕೂ ಒಪ್ಪಿಗೆಯಿರಲಿಲ್ಲ.

ನಾನೋ ಎಲ್ಲರನ್ನೂ ಅಣಕಿಸುವ ಕಪಿ. ಕ್ಯಾಂಟೀನಿನಲ್ಲಿ ಅವರ ದನಿ ತೆಗೆದು ಗೆಳೆಯರನ್ನು ನಗಿಸುತ್ತಿದ್ದಾಗ ಬೆನ್ನ ಹಿಂದೆ ಅವರೇ ನಿಂತಿದ್ದರು. "ಪಾಠ ಚೆನ್ನಾಗಿದೆ ಕಣಯ್ಯಾ. ಕೆಮ್ಮು ಮಾತ್ರ ಬೇಡ, ಅದು ನನ್ನ ಸ್ವಂತದ್ದು."

ಆ ಕೆಮ್ಮು ಗಂಟಲಿನ ಕ್ಯಾನ್ಸರ್ ಎಂದು ಆಮೇಲೆ ತಿಳಿಯಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆದರೂ ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಸಹಾಯಕ್ಕೆ ನನ್ನನ್ನು ಕರೆದುಕೊಂಡು, ಹೊಸ ಬ್ಯಾಚಿನೊಂದಿಗೆ ಗೋಮಾಳಕ್ಕೆ ಬಂದರು. ಚೌಕಟ್ಟು ಎಸೆದರು. ಬಾಯಿ ತೆರೆದರು, ಮುಚ್ಚಿದರು. ನನ್ನತ್ತ ತಿರುಗಿ ತಮ್ಮ ಗಂಟಲು ಮುಟ್ಟಿ, ನನ್ನದನ್ನು ತೋರಿಸಿದರು.

"ಹಸುವಿನ ಹೊಟ್ಟೆ ಆಮೇಲೆ ನೋಡೋಣ ರೀ..." ಎಂದೆ, ಅವರ ದನಿಯಲ್ಲಿ.

ಯಾರೂ ನಗಲಿಲ್ಲ. ಅವರು ಮಾತ್ರ ಕೈ ಅಡ್ಡ ಹಿಡಿದು ನಿಲ್ಲಿಸಿ, ಬಾಯಿಗೆ ಮುಷ್ಟಿ ಒತ್ತಿ ತೋರಿಸಿದರು: ಕೆಮ್ಮೆಲ್ಲಿ? ಕೆಮ್ಮಿ ಮತ್ತೆ ಶುರು ಮಾಡಿದೆ. ಮೇಷ್ಟ್ರು ಸದ್ದಿಲ್ಲದೆ, ಭುಜ ಕುಲುಕಿಸಿ, ಕಣ್ಣೀರು ಬರುವಷ್ಟು ನಕ್ಕರು. ಪಾಠ ಮುಗಿಯುವವರೆಗೂ ಅವರ ತುಟಿಗಳು ನನ್ನ ಜೊತೆಗೇ ಆಡುತ್ತಿದ್ದವು.

ಮುಂದಿನ ಮಳೆಗೆ ಹುಲ್ಲು ಚಿಗುರುವ ಮೊದಲೇ ಹೋಗಿಬಿಟ್ಟರು. ಹಲಸೂರಿನ ಮನೆಗೆ ಹೋದಾಗ ಅವರ ಹೆಂಡತಿ ಕೇಳಿದರು: "ಒಂದ್ಸಲ ಅವ್ರ ಥರ ಕಾಫಿ ಕೇಳಪ್ಪ."

ಕೆಮ್ಮಿ ಕೇಳಿದೆ: "ಕಾಫಿ ಆಯ್ತೇನೇ?"

"ಬಂದೆ ಇರ್ರೀ, ಏನವಸರ" ಎನ್ನುತ್ತ ಎದ್ದರು. ಅಡುಗೆಮನೆಯ ಬಾಗಿಲಲ್ಲಿ, ನನಗೆ ಬೆನ್ನು ಮಾಡಿ, ನಿಂತೇಬಿಟ್ಟರು.

ಆಮೇಲೆ ನಾನು ಆ ದನಿ ತೆಗೆದಿಲ್ಲ. ಗೋಮಾಳದಲ್ಲಿ ಚೌಕಟ್ಟು ಎಸೆದಾಗ, ಅದು ಬಿದ್ದ ಸದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ಹಿಂದೆ ನೋಡುವುದಿಲ್ಲ. ತಿರುಗುವವರೆಗಾದರೂ ಮೇಷ್ಟ್ರು ಅಲ್ಲಿ ನಿಂತಿರಲಿ.