ಎಡಗೈಲೆ ಬರೆದ ಕಣ್ಣು

ನಮ್ಮ ಮನಿಯವರು, ನಾಗಲಿಂಗ, ಈ ವರ್ಷ ಯುಗಾದಿ ಆಗಿ ಎಂಟು ದಿನಕ್ಕ ಹೋದರು. ಬೆಳಗಾವಿ ಖಾಸಬಾಗದಾಗ ಮಣ್ಣಿನ ಗಣಪತಿ ಮಾಡ್ತಿದ್ದರು. ಮಾತಾಡ್ಸಾಕ ಬಂದವರು ದೊಡ್ಡ ಕಲಾವಿದ ಹೋದ ಅಂದರು. ಬದುಕಿದ್ದಾಗ ಆ ಮಾತು ಯಾರೂ ಅನ್ನಲಿಲ್ಲ. ಇರಲಿ.

ನಾನು ಗುಂಜಿಯಿಂದ ಲಗ್ನ ಆಗಿ ಬಂದಾಗ ಈ ಕೆಲಸ ನನಗ ತಿಳೀತಿರಲಿಲ್ಲ. ಮಣ್ಣಾಗ ಹತ್ತಿ ಹಾಕಿ ಕುಟ್ಟಿ ಕೊಡ್ತಿದ್ದೆ. ಮೊದಲ ವರ್ಷ ಅವರು ಮೂರ್ತಿ ನೆಲದ ಮ್ಯಾಲ ಇಟ್ಟು, ಎದರ ಕುಂತು ಕಣ್ಣು ಬರದರು. ಚಂದ ಆಗಿದ್ದವು. ಚೌತಿ ದಿನ ಬಾಜು ಓಣಿಯ ಗಂಗಾದೇವಿ ಅಕ್ಕಾರು ಬಾಗಲಕ್ಕ ಬಂದು ನಿಂತರು.

“ಏನೋ ನಾಗಲಿಂಗ, ನಿನ್ನ ಗಣಪ್ಪಗ ನಾವು ಬ್ಯಾಡಾಗೇವಿ. ನಮ್ಮ ಮನಿ ಜಂತಿ ಎಣಸಾಕತ್ತಾನ!”

ಹೋಗಿ ನೋಡಿದರ ಖರೇ. ಅಕ್ಕಾರು ಗಣಪ್ಪನ್ನ ಎದಿಮಟ್ಟದ ಕಟ್ಟಿ ಮ್ಯಾಲ ಕುಂದರಿಸಿದ್ದರು. ಕೆಳಗ ಕುಂತವರ ತಲಿ ದಾಟಿ ನೋಟ ಮ್ಯಾಲ ಹೊಂಟಿತ್ತು.

ಅವತ್ತಿನಿಂದ ಮೂರ್ತಿ ಮಾಡಿಕೊಡ್ರಿ ಅಂತ ಹೇಳಾಕ ಬಂದವರಿಗೆ ಮೊದಲ ಕೇಳೋರು, ಎಷ್ಟು ಎತ್ತರದಾಗ ಇಡ್ತೀರಿ ಅಂತ. ಅಷ್ಟೇ ಎತ್ತರಕ್ಕ ಹಲಗಿ ಏರಿಸಿ, ನನ್ನನ್ನ ಕೆಳಗ ಚಾಪಿ ಮ್ಯಾಲ ಕುಂದರಿಸಿ ಕಣ್ಣು ಬರದು ಕೇಳೋರು:

“ನೋಡಿದನೇನ?”

“ಇಲ್ಲರೀ. ಗ್ವಾಡಿ ನೋಡಾಕತ್ತಾನ.”

ಅಳಿಸೋರು. ಹಿಂಗ ಇಪ್ಪತ್ತೆರಡು ವರ್ಷ.

ನಾಲ್ಕು ವರ್ಷದ ಹಿಂದ, ಕಾರ್ತೀಕದಾಗ, ಲಕ್ವಾ ಹೊಡೀತು. ಕಾಲು ತಿರಗಿ ಬಂತು, ಬಲಗೈ ಬರಲಿಲ್ಲ. ಕುಂಚ ಎಲ್ಲಾ ಡಬ್ಬ್ಯಾಗ ಹಾಕಿ, “ಯಾರಿಗರ ಕೊಡು” ಅಂದರು. ನಾ ಕೊಡಲಿಲ್ಲ. ಮಾತು ಕಮ್ಮಿ ಆತು. ಊಟಕ್ಕ ಕರದರ ಬರೋರು, ತಲಿ ಎತ್ತಲಾರದ ಉಣ್ಣೋರು. ಕೈ ಅಷ್ಟ ಅಲ್ಲ, ಇವರ ಹೋಗಾಕತ್ತಾರ ಅನಿಸ್ತು ನನಗ.

ಜ್ಯೇಷ್ಠದಾಗ ಖಾನಾಪುರದ ಬಾಳಾಸಾಹೇಬ ಟೆಂಪೋ ತಂದು ನಮ್ಮ ಅಂಗಳದಾಗ ಮಣ್ಣು ಸುರುವಿದ. ಇವರ ಸಾಲಿ ಗೆಳೆಯ, ನನಗ ಬಾಳಣ್ಣ, ಪ್ರತಿ ವರ್ಷ ಮಣ್ಣು ಕೊಡಾಂವ. ಈ ಸಲ ನಾವು ಹೇಳಿರಲಿಲ್ಲ.

“ಯಾರ ತಾ ಅಂದ್ರಲೇ?” ಇವರು ಸಿಟ್ಟಾದರು.

“ಯಾರೂ ಅಂದಿಲ್ಲ. ಇಳಿಸೇನಿ. ತಿರಗಿ ಏರಸಾಕ ನನ್ನ ಸೊಂಟ ಕೇಳಂಗಿಲ್ಲ.”

“ಕೈ ಇಲ್ಲೋ ನನಗ.”

“ಇನ್ನೊಂದು ಐತೆಲ್ಲ.”

“ಎಡಗೈಲೆ ದೇವರ ಕಣ್ಣು ಬರೀಲೇನ? ಜನ ಏನಂದಾರು?”

ನನಗ ತಡಕೊಳ್ಳಾಕ ಆಗಲಿಲ್ಲ. “ಏಳು ತಿಂಗಳಾತು, ಆ ಕೈಲೆ ಉಣ್ಣಾಕತ್ತೀರಿ. ಅನ್ನ ಏನರ ಸಿಟ್ಟಾಗೇತೇನ?” ಅಂದೆ.

ಬಾಳಣ್ಣ ನಕ್ಕ. ಇವರು ನಗಲಿಲ್ಲ. ಆದರ ಸಂಜಿ ಮುಂದ ಹೋಗಿ ಮಣ್ಣು ಮುಟ್ಟಿ ನೋಡಿದರು.

ಅಚ್ಚಿಗೆ ಮಣ್ಣು ಒತ್ತೂದು ನಾನು ಮಾಡಿದೆ. ಬಾಳಣ್ಣ ಐತವಾರಕ್ಕೊಮ್ಮೆ ರೈಲಿಗೆ ಬಂದು ಭಾರ ಎತ್ತಿ ಇಡ್ತಿದ್ದ. ಬಣ್ಣ ಹೆಂಗೋ ಮುಗೀತು. ಉಳದದ್ದು ಕಣ್ಣು. ಅದನ್ನ ಅವರ ಮಾಡಬೇಕು.

ಶ್ರಾವಣದಾಗ ಶುರು ಮಾಡಿದರು. ಎಡಗೈಲೆ ಎಳದ ಗೆರಿ ಸೊಟ್ಟ ಹೋಗ್ತಿತ್ತು.

“ನೋಡಿದನೇನ?”

“ಇಲ್ಲ. ಒಂದು ಕಣ್ಣು ನನ್ನ ಕಡೆ, ಒಂದು ಲೋಂಡಾ ಕಡೆ.”

ಕುಂಚ ಒಗದರು. ಬಾಳಣ್ಣಗ ಕೆಟ್ಟ ಅನಿಸ್ತು. “ಒಂದು ಸುಳ್ಳರ ಹೇಳಬಾರದೇನ ತಂಗಿ?” ಅಂದ.

ಇವರು ಅವನ ಕಡೆ ತಿರಗಿ ಅಂದರು: “ಹೇಳೂದು ಬ್ಯಾಡ. ಆಕಿ ಸುಳ್ಳು ಹೇಳಿದರ ನಾ ಯಾರನ್ನ ನಂಬಿ ಬರೀಲಿ?” ಆಮ್ಯಾಲ ಕುಂಚ ತಾವ ಹುಡಕಿ ತಂದರು.

ಹದಿನೇಳು ದಿನ ಬರದರು, ಅಳಿಸಿದರು. ಕುಂತು ಕುಂತು ನನ್ನ ಮೊಣಕಾಲು ಹಿಡದಿದ್ದವು. ಹದಿನೆಂಟನೇ ದಿನ ಮುಂಜಾನೆ, ಅವರು ಕೇಳೂಕಿಂತ ಮೊದಲ, ನಾ ಸೆರಗು ಸರಿ ಮಾಡಕೊಂಡೆ. ಯಾರೋ ನೋಡಿದಂಗಾಗಿತ್ತು. ಅದನ್ನ ಅವರು ಕಂಡರು. ಕುಂಚ ನೀರಾಗ ಇಟ್ಟು ಅತ್ತರು.

ಆ ವರ್ಷ ಆದದ್ದು ಅದೊಂದ ಮೂರ್ತಿ. ಮನಿಯಾಗ ಕುಂದರಿಸಿದೆವು. ಐದನೇ ದಿನ ಹೊಂಡಕ್ಕ ಒಯ್ದಾಗ ನಾ ಬಿಡಲಿಲ್ಲ. “ಇದೊಂದ ಇಟ್ಟಗೊಳ್ಳೂಣುರೀ” ಅಂದೆ.

“ಹುಚ್ಚಿ, ಫಕೀರವ್ವ. ಮಣ್ಣು ಹೋಗ್ಲಿ ಬಿಡು. ಕೈ ನನ್ನ ಹತ್ರ ಐತಿ.” ಎಡಗೈಲೆ ತಾವ ನೀರಿಗೆ ನೂಕಿದರು.

ಮರುದಿನ ಮುಂಜಾನೆ ನಾ ಎದ್ದಾಗ ಹೊರಗ ಕಟ್ಟಿ ಮ್ಯಾಲ ಕುಂತಿದ್ದರು. ತೊಡಿ ಮ್ಯಾಲ ಹಳೆ ಕ್ಯಾಲೆಂಡರ, ಅದರ ಬೆನ್ನಿಗೆ ಮುಂದಿನ ವರ್ಷದ ಗಣಪತಿ ಬರಿಯಾಕತ್ತಿದ್ದರು. ಚಾ ಕೊಟ್ಟೆ. ಆರಿ ಹೋತು, ಬರಿಯೂದರಾಗ ಕುಡಿಯೂದ ಮರತರು.