ನಡುಗೋಡೆಯ ಇಲಿಗಳು

ಹಿಂಗಾರಿ ಬಿತ್ತಿಗೆಗೆ ಒಂದು ಹದ ಮಳೆಯಾಗುವುದೊಂದೇ ಬಾಕಿ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಮನೆಯ ಪಡಸಾಲೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು ಇದ್ದೆವು. ಗೋಡೆಯಾಚೆ ಸಣ್ಣಜ್ಜಿ, ಅಂದರೆ ಅಜ್ಜಿಯ ನೆಗೆಣ್ಣಿ, ತನ್ನ ಮಗನ ಸಂಗಡ ಇದ್ದಳು. ಆಚೆಗಿದ್ದರೂ ಅವಳು ನಮ್ಮ ನಡುವೆ ಕೂತ ಹಾಗೆಯೇ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಗೆ ಕೇಳುತ್ತಿತ್ತು.

ಆಗ ನಮ್ಮದು ನಿಜಾಮರ ಸೀಮೆ. ಅಜ್ಜನೂ ಅವನ ತಮ್ಮನೂ ಬೇರೆಯಾದಾಗ ಒಂದೇ ಪಡಸಾಲೆಯ ನಡುವೆ ಆ ಗೋಡೆ ಎದ್ದಿತ್ತು. ಸಿಟ್ಟಿನಲ್ಲಿ ಕಟ್ಟಿದ ಗೋಡೆ. ಬುಡಕ್ಕೆ ಕಲ್ಲಿಲ್ಲ. ಮಣ್ಣಿಗೆ ಬೆರೆಸಿದ ಹೊಟ್ಟಿನಲ್ಲಿ ಜೋಳದ ಕಾಳು ಹಾಗೇ ಉಳಿದಿದ್ದವು. ಇಲಿಗಳಿಗೆ ಊಟದ ಸಮೇತ ಮನೆ ಸಿಕ್ಕಿತು. ಅಣ್ಣತಮ್ಮಂದಿರು ತೀರಿಕೊಂಡರೂ ಅಜ್ಜಿಯರಿಬ್ಬರ ಮಾತು ಮಾತ್ರ ನಿಂತೇ ಇತ್ತು.

ನಮ್ಮಜ್ಜಿ ತೂತಿಗೆ ಗಾಜಿನ ಚೂರು ತುಂಬಿ ಸುಣ್ಣ ಮೆತ್ತಿದರೆ ಇಲಿಗಳು ಆಚೆ ಹೊರಡುತ್ತಿದ್ದವು. ಸಣ್ಣಜ್ಜಿ ಅತ್ತ ಮೆತ್ತಿದರೆ ತಿರುಗಿ ನಮ್ಮ ಕಡೆ. ಮಾತಾಡುವ ಹಾಗಿಲ್ಲವಲ್ಲ, ಇಬ್ಬರೂ ಇಲಿಗೇ ಹೇಳುವರು.

"ಇಲಿಯಪ್ಪಾ, ಬಂದ ಮನಿಗೇ ಹೋಗಪಾ. ಅಲ್ಲಿ ಕಾಳು ಭಾಳ ಐತಿ, ನೀಡೋ ಕೈ ಇಲ್ಲ ಅಷ್ಟ."

ಆಚೆಯಿಂದ ಸಣ್ಣಜ್ಜಿ: "ಆ ಮನಿ ರೊಟ್ಟಿ ಕಡದು ಹಲ್ಲ ಮುರಕೊಂಡ ಬಂದೈತಿ ಪಾಪ. ಹೆಂಗ ಹೋದೀತು!"

ಅವ್ವ ಬಾಯಿಗೆ ಸೆರಗು ಹಿಡಿದು ನಗುವಳು.

ಅವತ್ತು ಮಾತ್ರ ಯಾರೂ ನಗಲಿಲ್ಲ. ಬೀಜದ ಜೋಳದ ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಕಡಿದು ಬಿದ್ದಿತ್ತು, ಹುಳು ಬೀಳದಂತೆ ಬೆರೆಸಿದ್ದ ಬೂದಿ, ಬೇವಿನ ಸೊಪ್ಪು ನೆಲದ ತುಂಬ. ಕಣದಲ್ಲಿ ಅಜ್ಜಿ ಒಂದೊಂದೇ ತೆನೆ ಆರಿಸಿ ತೆಗೆದಿಟ್ಟ ಬೀಜ. ಕೈ ಹಾಕಿದಳು. ತಳ ಸಿಕ್ಕಿತು.

"ಮಳಿ ಬಂದರ ಏನ ಬಿತ್ತೂದೋ?" ಎಂದಳು.

ಗೋಡೆಯಾಚೆಯಿಂದ ಸಣ್ಣಜ್ಜಿ ಅಂದಳು:

"ನಮ್ದೂ ಹೋತ, ಅಕ್ಕಾ."

ಅಜ್ಜಿ ಎದ್ದು ಗೋಡೆಯ ತೂತಿಗೆ ಕಿವಿಯಿಟ್ಟಳು. ಆಮೇಲೆ, "ಕಾಳು ಈ ಗ್ವಾಡ್ಯಾಗ ಇರಬೇಕು. ಕೆಡವೂಣೇನ?" ಎಂದಳು.

"ಗುದ್ದಲಿ ನಮ್ಮ ಕಡಿ ಐತಿ. ಕಳಸ್ಲ್ಯಾ?"

"ಗುದ್ದಲಿ ಕಳಿಸಿ ನೀ ಅಲ್ಲೇ ಕುಂದ್ರಾಕಿ ಏನ? ಬಾ ಈ ಕಡಿ!"

ಅಪ್ಪನೂ ಸಣ್ಣಜ್ಜಿಯ ಮಗನೂ ಗೋಡೆ ಕೆಡವಿದರು. ಇಲಿಗಳು ದಿಕ್ಕಾಪಾಲಾಗಿ ಓಡಿದವು. ಅವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಳು, ಓಣಿಯ ನಾಯಿಗಳಿಗೆ ಹಬ್ಬವಾಯಿತು. ಬುಡ ಅಗೆದರೆ ದೊಡ್ಡ ಬಿಲ, ಬಿಲದ ತುಂಬ ಬಿಳಿ ಜೋಳ, ಎರಡೂ ಮನೆಯದು.

ಅಜ್ಜಿಯರಿಬ್ಬರೂ ಮೊರ ಹಿಡಿದು ಎದುರುಬದುರು ಕೂತರು. ಇಲಿ ತುದಿ ಕಡಿದ ಕಾಳು ಮೊಳೆಯುವುದಿಲ್ಲ. ಅವನ್ನು ಕೋಳಿಗೆ ಎಸೆದು, ಇಡೀ ಕಾಳನ್ನಷ್ಟೇ ಒಂದೊಂದಾಗಿ ಆರಿಸಬೇಕಿತ್ತು.

"ದಪ್ಪನವೆಲ್ಲಾ ನಮ್ಮವು," ಎಂದಳು ಅಜ್ಜಿ.

"ಹೌದವ್ವಾ, ನಿನ್ನಂಗ ಅದಾವ."

ಅಜ್ಜಿ ಮೊರ ಕೆಳಗಿಟ್ಟು ನಕ್ಕಳು. ಕಾಳನ್ನು ಯಾರೂ ಪಾಲು ಮಾಡಲಿಲ್ಲ. ಎರಡು ಹೊಲಕ್ಕೂ ಸಾಲುವಷ್ಟಿಲ್ಲವೆಂದು ಅಪ್ಪ ಹೇಳಿದ್ದಕ್ಕೆ, "ಎರಡರಾಗೂ ಅರ್ಧರ್ಧ ಬಿತ್ತು. ಉಳದದ್ದಕ್ಕ ಕಡ್ಲಿ ಹಾಕು," ಎಂದಳು ಅಜ್ಜಿ.

ಮಳೆ ಬಂತು. ಒಂದೇ ಕೂರಿಗೆಯಿಂದ ಎರಡೂ ಹೊಲ ಬಿತ್ತಿದರು. ಬಿತ್ತಿಗೆ ಮುಗಿದ ಮೇಲೆ, ಇಲಿ ಸೇರದ ಹಾಗೆ ಬುಡಕ್ಕೆ ಕಲ್ಲಿಟ್ಟು, ಎರಡೂ ಮನೆಯವರು ಕೂಡಿ ಗೋಡೆಯನ್ನೂ ಮತ್ತೆ ಕಟ್ಟಿದರು.

ಆ ವರ್ಷ ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಒಂದೇ ಬಂಡಿಯಲ್ಲಿ ಬೆಳೆದ ಹೊಲಕ್ಕೆ ನೈವೇದ್ಯ ಎರಚಿ ಚರಗ ಚೆಲ್ಲಲು ಹೋದೆವು. ಜೋಳ ಎದೆಮಟ್ಟ ಬೆಳೆದಿತ್ತು. ಸಣ್ಣಜ್ಜಿ ತನ್ನ ಹೊಲಕ್ಕಿಂತ ಮೊದಲು ನಮ್ಮ ಹೊಲದಲ್ಲಿ ಇಳಿದು ಚರಗ ಚೆಲ್ಲಿದಳು.